ಬ್ಯಾಗು ಒಂದು, ವೇಷ ಹಲವು

ಊರು ಬಿಡುವಾಗ ಏನು ತಗೊಂಡು ಹೋಗಬೇಕು, ಏನು ಬಿಡಬೇಕು ಅಂತ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕರೆದಿದ್ದೆವು. ಪತ್ರವೂ ಬಂತು, ವಾಟ್ಸಾಪೂ ಬಂತು. ಕೆಲಸದ ನೆಪದಲ್ಲಿ ಸದಾ ಬಸ್ಸು, ರೈಲಿನಲ್ಲೇ ಇರುವ ನಮ್ಮ ಶಿರಸಿಯ ಅಕ್ಕ ಉತ್ತರಿಸಿದ್ದಾರೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಅಕ್ಕಾ, ಡಿಸೆಂಬರಿನಲ್ಲಿ ನಾವು ಗಂಡ ಹೆಂಡತಿ ಟೂರಿನವರ ಜೊತೆ ಕಾಶಿ, ಪ್ರಯಾಗ, ಅಯೋಧ್ಯೆಗೆ ಹೊರಟಿದ್ದೇವೆ. ನಮ್ಮನೆಯವರದ್ದು ಒಂದು ಕೈಚೀಲ. ನನ್ನದು ಎರಡು ಸೂಟ್‌ಕೇಸು, ಒಂದು ಬುಟ್ಟಿ. ಸೀರೆಯೇ ಹದಿನಾಲ್ಕು ಆಗಿದೆ. ಯಾವುದನ್ನು ತೆಗೆಯಲಿ? — ಸಿದ್ದಾಪುರ

ಮೊದಲು ಬುಟ್ಟಿ ತೆಗೆಯಿರಿ. ಅದರಲ್ಲಿ ಏನಿದೆ ಅಂತ ನೀವು ಬರೆದಿಲ್ಲ, ಬರೆಯುವುದೂ ಬೇಡ. ಅವಲಕ್ಕಿ, ಚಕ್ಕುಲಿ, ಚಟ್ನಿಪುಡಿ, ಮೇಲೊಂದು ಉಪ್ಪಿನಕಾಯಿ ಡಬ್ಬಿ. ಎಷ್ಟೋ ಟೂರಿನವರು ಅಡುಗೆಯವರನ್ನೇ ಕರೆದುಕೊಂಡು ಹೋಗುತ್ತಾರೆ, ಫೋನು ಮಾಡಿ ಕೇಳಿ. ಹೌದು ಅಂದರೆ ಚಟ್ನಿಪುಡಿಯೊಂದು ಸಾಕು.

ಇನ್ನು ಸೀರೆ. ಡಿಸೆಂಬರಿನಲ್ಲಿ ಕಾಶಿಯ ರಾತ್ರಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಬೆಳಿಗ್ಗೆ ಮಂಜು ಬೇರೆ. ನೀವು ಎದ್ದಾಗಿನಿಂದ ಮಲಗುವವರೆಗೆ ಸ್ವೆಟರ್ ಹಾಕಿ, ಅದರ ಮೇಲೆ ಶಾಲು ಹೊದ್ದೇ ಇರುತ್ತೀರಿ. ಸೀರೆ ಅಂತ ಜನಕ್ಕೆ ಕಾಣುವುದು ಕೆಳಗಿನ ಒಂದು ಗೇಣು ಅಂಚು ಮಾತ್ರ. ಆ ಒಂದು ಗೇಣು ತೋರಿಸಲಿಕ್ಕೆ ಹದಿನಾಲ್ಕು ಸೀರೆ ಹೊರುವುದುಂಟಾ? ನಾಲ್ಕು ಇಟ್ಟುಕೊಳ್ಳಿ. ಇಸ್ತ್ರಿ ಬೇಡದ, ಬೇಗ ಒಣಗುವ ಸಿಂಥೆಟಿಕ್ ಎರಡು, ದೇವಸ್ಥಾನಕ್ಕೆ ರೇಷ್ಮೆ ಒಂದು, ಸ್ನಾನಕ್ಕೆ ತೆಳ್ಳಗಿನ ಹಳೆಯ ವಾಯಿಲ್ ಒಂದು. ರೇಷ್ಮೆ ಅಂದ ಕೂಡಲೇ ಭಾರ ಅಂದುಕೊಳ್ಳಬೇಡಿ. ದೊಡ್ಡ ಜರಿ ಇಲ್ಲದ ರೇಷ್ಮೆ ಹಗುರ, ಮಡಚಿದರೆ ಜಾಗವೂ ಕಡಿಮೆ, ಮೈಗೂ ಬೆಚ್ಚಗೆ. ಗಂಜಿ ಹಾಕಿದ ಕಾಟನ್ ಸೀರೆ ಮಾತ್ರ ಖಂಡಿತ ಬೇಡ, ಅರ್ಧ ಸೂಟ್‌ಕೇಸು ಅದೇ ತಿನ್ನುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಚಳಿಬಟ್ಟೆ ಅಂದರೆ ಕಪಾಟಿನ ತಳದಲ್ಲಿ ನುಸಿಗುಳಿಗೆ ವಾಸನೆ ಹೊಡೆಯುವ ಒಂದು ದಪ್ಪ ಸ್ವೆಟರು. ಅದರ ಬದಲು ತೆಳ್ಳಗಿನದ್ದು ಎರಡು ಮೂರು ಪದರ ಹಾಕಿ. ಪದರದ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುವುದು, ಮಧ್ಯಾಹ್ನ ಬಿಸಿಲು ಬಂದರೆ ಒಂದೊಂದಾಗಿ ಕಳಚಲೂಬಹುದು. ದಪ್ಪ ಸ್ವೆಟರ್ ತಗೊಂಡೇ ಹೋಗಬೇಕು ಅಂತಿದ್ದರೆ ಮೈಮೇಲೆ ಹಾಕಿಕೊಂಡು ರೈಲು ಹತ್ತಿ. ಕಾಲುಚೀಲ ಎರಡು ಜೊತೆ ಜಾಸ್ತಿಯೇ ಇರಲಿ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟ ಮೇಲೆ ಆ ಕಲ್ಲುಹಾಸಿನ ತಣ್ಣಗೆ ನೇರ ಮಂಡಿಗೆ ಹತ್ತುತ್ತದೆ.

ರೈಲ್ವೆಯವರು ಸ್ಲೀಪರಿನಲ್ಲಿ ಒಬ್ಬರಿಗೆ 40 ಕೆಜಿ ಸಾಮಾನು ಪುಕ್ಕಟೆ ಬಿಡುತ್ತಾರೆ. ನಿಮ್ಮ ಮೊಣಕಾಲು ಎಷ್ಟು ಕೆಜಿ ಬಿಡುತ್ತದೆ ಅಂತ ನೋಡಬೇಕಾದವರು ನೀವೇ. ಹೊರಡುವ ಹಿಂದಿನ ದಿನ ತುಂಬಿದ ಬ್ಯಾಗು ಎತ್ತಿಕೊಂಡು ಮೆತ್ತಿಗೆ, ಅಂದರೆ ಮಹಡಿಗೆ, ಎರಡು ಸಲ ಹತ್ತಿ ಇಳಿಯಿರಿ. ಎರಡನೇ ಸಲ ಇಳಿಯುವಾಗ ಯಾವುದು ಬೇಡ ಅಂತ ತಾನೇ ಗೊತ್ತಾಗುತ್ತದೆ.

ಕೊನೇದಾಗಿ, ನಿಮ್ಮನೆಯವರ ಕೈಚೀಲ ನೋಡಿ ನಾಚಿಕೊಳ್ಳಬೇಡಿ. ಗಂಡಸರ ಚೀಲ ಸಣ್ಣದಿರುವುದು ಯಾಕೆ ಗೊತ್ತಾ? ಅವರ ಟವೆಲು, ಮಾತ್ರೆ, ಮಫ್ಲರು, ಫೋನಿನ ಚಾರ್ಜರು ಎಲ್ಲ ನಮ್ಮ ಸೂಟ್‌ಕೇಸಿನಲ್ಲಿರುತ್ತದೆ. ಇವತ್ತೇ ಎಲ್ಲ ತೆಗೆದು ಅವರ ಚೀಲಕ್ಕೆ ಹಾಕಿ.

ನಾವು ಐದು ಜನ ಹುಡುಗರು ಗೋವಾಕ್ಕೆ ಹೋಗುವವರಿದ್ದೇವೆ. ಹೂವಿನ ಅಂಗಿ, ಹ್ಯಾಟು, ಕೂಲಿಂಗ್ ಗ್ಲಾಸು ತಗೊಳ್ಳಲೇಬೇಕು ಅಂತ ನಮ್ಮ ಗ್ಯಾಂಗಿನವರ ಹಟ. ಬೇಕಾ ಅಕ್ಕಾ? — ಕಾರವಾರ

ತಮಾ, ಬೆಂಗಳೂರಿನ ಹುಡುಗರು ದಾಸವಾಳದ ಅಂಗಿ ಹಾಕಿಕೊಳ್ಳುವುದಕ್ಕೆ ಒಂದು ಅರ್ಥವಿದೆ. ಅವರು ಸಮುದ್ರ ನೋಡುವುದೇ ವರ್ಷಕ್ಕೊಮ್ಮೆ. ಕಾರವಾರದವರು ಮಾಜಾಳಿ ದಾಟಿ ಪೊಳೆಂಗೆ ಕಾಲಿಡಲಿಕ್ಕೆ ಯಾವ ವೇಷ ಬೇಕು? ಸಮುದ್ರ ಅದೇ, ಬಂಗಡೆ ಅದೇ, ಬೆವರೂ ಅದೇ. ನೀರಿಗಿಳಿಯಲು ನೈಲಾನಿನ ಚಡ್ಡಿ ಒಂದು ಇರಲಿ. ಜೀನ್ಸ್ ಕತ್ತರಿಸಿದ ಚಡ್ಡಿ ಬೇಡ, ಒದ್ದೆಯಾದರೆ ಕಲ್ಲಾಗುತ್ತದೆ, ಜೇಬಲ್ಲಿ ಹೊಯಿಗೆ ತುಂಬಿಕೊಂಡು ಮನೆವರೆಗೂ ಬರುತ್ತದೆ. ಟೀಶರ್ಟ್ ಎರಡು, ಲುಂಗಿ ಒಂದು. ಕೂಲಿಂಗ್ ಗ್ಲಾಸ್ ತಗೊಳ್ಳಿ, ಅದು ಶೋಕಿಗಲ್ಲ, ನೀರಿನ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಐದು ಜನರೂ ಒಂದೇ ಥರದ ಅಂಗಿ ಹಾಕಿಕೊಳ್ಳುವ ವಿಚಾರವೇನಾದರೂ ಇದ್ದರೆ ನನಗೆ ಹೇಳಬೇಡಿ.

ಮಾರ್ಕೆಟಿಂಗ್ ಕೆಲಸ. ಜುಲೈ, ಆಗಸ್ಟಿನಲ್ಲೂ ಕಾರವಾರ, ಹುಬ್ಬಳ್ಳಿ ಅಂತ ವಾರಗಟ್ಟಲೆ ತಿರುಗಬೇಕು. ಬಟ್ಟೆ ಒಣಗುವುದೇ ಇಲ್ಲ ಅಂತ ಏಳು ಜೊತೆ ಹೊತ್ತುಕೊಂಡು ಹೋಗುತ್ತೇನೆ. ಉಪಾಯ ಇದೆಯಾ? — ಹೊನ್ನಾವರ

ಇದೆ. ಏಳನ್ನು ಮೂರು ಮಾಡಬಹುದು, ಆದರೆ ಯಾವ ಮೂರು ಅನ್ನುವುದು ಮುಖ್ಯ. ಹತ್ತಿ ನೀರನ್ನು ಎಳೆಯೊಳಗೇ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಹೀರುವುದೇ ಇಲ್ಲ ಅನ್ನಬಹುದು. ಹಾಗಾಗಿ ಪಾಲಿಯೆಸ್ಟರ್ ಒಂದು ರಾತ್ರಿಯಲ್ಲಿ ಒಣಗಿದರೆ ದಪ್ಪ ಕಾಟನ್ ಎರಡು ದಿನ ಜೋತಾಡಿಕೊಂಡೇ ಇರುತ್ತದೆ. ಪೂರ್ತಿ ಪಾಲಿಯೆಸ್ಟರ್ ಹಾಕಿದರೆ ಸಂಜೆಗೆ ವಾಸನೆ, ನಿಮ್ಮ ಎದುರು ಕೂತ ಗಿರಾಕಿಯ ಪಾಡು ಬೇಡ. ಎರಡೂ ಬೆರೆಸಿದ ಅಂಗಿ ನೋಡಿ. ಜೀನ್ಸನ್ನು ಅಕ್ಟೋಬರ್‌ವರೆಗೆ ಕಪಾಟಿನಲ್ಲಿಡಿ.

ಒಗೆಯುವ ಕ್ರಮ ಹೀಗೆ. ಲಾಡ್ಜಿಗೆ ಹೋದ ಕೂಡಲೇ ಅಂಗಿ ಒಗೆದುಬಿಡಿ, ಊಟ ಮಾಡಿ ಬಂದು ನೋಡೋಣ ಅಂದರೆ ಆಗಲಿಲ್ಲ. ಕೈಯಲ್ಲಿ ಆದಷ್ಟು ಹಿಂಡಿ. ಆಮೇಲೆ ತೆಳ್ಳಗಿನ ಟವೆಲಿನಂಥ ಒಣ ಪಾಣಿಪಂಚೆ ಹಾಸಿ, ಅದರ ಮೇಲೆ ಅಂಗಿಯನ್ನು ತೋಳು ಬಿಡಿಸಿ ಹರಡಿ, ಎರಡನ್ನೂ ಸೇರಿಸಿ ಒಂದು ತುದಿಯಿಂದ ಬಿಗಿಯಾಗಿ ಸುತ್ತಿ. ಸುತ್ತಿದ್ದರ ಒಂದು ತುದಿ ಕಾಲಡಿ ಮೆಟ್ಟಿಕೊಂಡು ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ತಿರುಚುತ್ತಾ ಹೋಗಿ. ಗೆಣ್ಣು ಬೆಳ್ಳಗಾಗುವವರೆಗೆ ತಿರುಚಬೇಕು. ಬಿಚ್ಚಿದಾಗ ಪಾಣಿಪಂಚೆ ತೊಯ್ದಿರುತ್ತದೆ, ಅಂಗಿ ಅರ್ಧ ಒಣಗಿರುತ್ತದೆ. ಅಲ್ಲಿಂದ ಫ್ಯಾನಿನ ಕೆಳಗೆ, ಗುಂಡಿ ಎಲ್ಲ ಬಿಚ್ಚಿ, ಕಾಲರ್ ಎತ್ತಿ. ಕಿಟಕಿ ಬದಿಗೆ ಹಾಕಬೇಡಿ, ಹೊರಗಿನ ಗಾಳಿಯೇ ಒದ್ದೆ. ಬೆಳಿಗ್ಗೆ ಕಾಲರು, ಕಂಕುಳ ಹೊಲಿಗೆ ಸ್ವಲ್ಪ ತಣ್ಣಗಿರುತ್ತದೆ, ಅಲ್ಲಿಗೆ ಮಾತ್ರ ಇಸ್ತ್ರಿ ಒತ್ತಿ. ಮಂದನೆಯ ಟರ್ಕಿಶ್ ಟವೆಲಿನಲ್ಲೂ ಹೀಗೆ ಮಾಡಬಹುದು, ಆದರೆ ಅದನ್ನು ಒಣಗಿಸುವವರು ಯಾರು? ಪಾಣಿಪಂಚೆ ಎರಡು ತಾಸಿನಲ್ಲಿ ಮತ್ತೆ ತಯಾರು.

ಇನ್ನೊಂದು, ನಿಮ್ಮ ತಿರುಗಾಟದ ದಾರಿಯನ್ನೇ ಬಳಸಿಕೊಳ್ಳಿ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿದ ಮೇಲೆ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ, ಹುಬ್ಬಳ್ಳಿಯಲ್ಲಿ ಅದೇ ಜುಲೈಯಲ್ಲೂ ಬಟ್ಟೆ ಒಣಗುತ್ತದೆ. ಹುಬ್ಬಳ್ಳಿಯಲ್ಲಿ ಎಲ್ಲ ಒಗೆದುಕೊಂಡು ಕೆಳಗಿಳಿಯಿರಿ, ಕಾರವಾರದಲ್ಲಿ ಬರೀ ಹಾಕಿಕೊಳ್ಳಿ.

ಕೊಡೆ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಕಡಲ ಗಾಳಿಗೆ ಕೊಡೆ ತಲೆಕೆಳಗಾಗುತ್ತದೆ. ಗದ್ದೆಯಲ್ಲಿ ತಲೆಯಿಂದ ಬೆನ್ನಿಗೆ ಇಳಿಬಿಡುವ ಕಂಬಳಿಕೊಪ್ಪೆ ಹಾಕಿದವರಿಗೆ ಎರಡೂ ಕೈ ಖಾಲಿ ಇರುತ್ತಿತ್ತು. ಈಗ ಪಾಂಚೋ ಅಂತ ಸಿಗುವುದೂ ಹೆಚ್ಚುಕಡಿಮೆ ಅದೇ, ಬೆನ್ನಿನ ಬ್ಯಾಗಿನ ಮೇಲೂ ಮುಚ್ಚುತ್ತದೆ.

ಅಕ್ಕಾ, ಒಳಉಡುಪು ಎಷ್ಟು ಜೊತೆ ಬೇಕು? — ಭಟ್ಕಳ

ಇದ್ದಷ್ಟೂ. ಹಗುರ ಹೊರಡುವ ಉಪದೇಶ ಇದಕ್ಕೆ ಲಾಗೂ ಇಲ್ಲ.

ಇಂಟರ್‌ನೆಟ್ಟಲ್ಲಿ ಕ್ಯಾಪ್ಸೂಲ್ ವಾರ್ಡ್‌ರೋಬ್ ಅಂತ ನೋಡಿದೆ. ಬಿಳಿ, ಕಪ್ಪು, ಬೇಜ್ ಬಣ್ಣದ ಐದೇ ಬಟ್ಟೆ ಇಟ್ಟುಕೊಂಡರೆ ಹತ್ತು ದಿನ ಕಳೆಯಬಹುದಂತೆ. ನಿಜವಾ? — ಅಂಕೋಲಾ

ಲೆಕ್ಕ ನಿಜ, ಬಣ್ಣ ಸುಳ್ಳು. ಮೂರು ಟಾಪು, ಎರಡು ಪ್ಯಾಂಟು ಒಂದಕ್ಕೊಂದು ಹೊಂದಿದರೆ ಆರು ಜೊತೆ ಆಗುತ್ತದೆ, ಇದು ಶಾಲೆಯ ಗಣಿತ. ಆದರೆ ಬಿಳಿ ಪ್ಯಾಂಟ್ ಹಾಕಿಕೊಂಡು ನಮ್ಮ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಐದು ನಿಮಿಷ ಕೂತು ಎದ್ದು ನೋಡು ತಂಗೀ! ಕೆಂಪು ಮಣ್ಣಿನ ಜಿಲ್ಲೆಯವರಿಗೆ ಕಂದು, ಮರೂನು, ಕಡುನೀಲಿಯೇ ಸರಿ.

ಒಮ್ಮೆ ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯಲ್ಲಿ ಹೋಗಿ ಕೂತು ಬಾ. ಅಲ್ಲಿ ಒಬ್ಬರೇ ಕಲಾವಿದರು ರಾತ್ರಿಯ ಮೊದಲ ಭಾಗಕ್ಕೊಂದು, ಬೆಳಗಿನ ಜಾವಕ್ಕೊಂದು ವೇಷ ಮಾಡುವುದುಂಟು. ಗೆಜ್ಜೆ ಅದೇ ಇರುತ್ತದೆ. ಮುಖದ ಬಣ್ಣ ಬದಲಾಯಿತು, ತಲೆಯ ಮೇಲಿನದ್ದು ಬದಲಾಯಿತು ಅಂದರೆ ರಂಗಕ್ಕೆ ಬಂದದ್ದು ಬೇರೆಯೇ ಪಾತ್ರ. ಆ ಭುಜಕೀರ್ತಿ, ಎದೆಯ ಪದಕ ದೂರದಿಂದ ಮಣಗಟ್ಟಲೆ ಬಂಗಾರದಂತೆ ಕಾಣುತ್ತದೆ. ಕೈಗೆತ್ತಿಕೊಂಡರೆ ಹಗುರ ಮರ, ಮೇಲೆ ಬಂಗಾರದ ಬಣ್ಣದ ಕಾಗದ. ಗುಣವಂತೆಯ ಕೆರೆಮನೆ ಮೇಳದವರು 1934ರಲ್ಲಿ ಶುರುಮಾಡಿದವರು, ಈ ವೇಷಗಳನ್ನು ಕಟ್ಟಿಕೊಂಡು ಹೊರದೇಶಕ್ಕೂ ಹೋಗಿ ಬಂದಿದ್ದಾರೆ. ನಮಗೆ ಮೂರು ದಿನ ಮೈಸೂರಿಗೆ ಹೋಗಲಿಕ್ಕೆ ಎರಡು ಬ್ಯಾಗು!

ನಿನಗೂ ಅಷ್ಟೇ. ಎದುರು ಕೂತವರು ನೋಡುವುದು ಎದೆಯಿಂದ ಮೇಲೆ. ಪ್ಯಾಂಟು ಎರಡೇ ಇರಲಿ, ದುಪಟ್ಟಾ ನಾಲ್ಕು ಇಟ್ಟುಕೋ, ಓಲೆ ಬದಲಾಯಿಸು. ದುಪಟ್ಟಾ ಮಡಚಿದರೆ ಅಂಗೈಯಗಲ, ಚಳಿಗೂ ಆಗುತ್ತದೆ, ಬಸ್ಸಿನ ಕಿಟಕಿ ಧೂಳಿಗೂ ಆಗುತ್ತದೆ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇನೆ, ಮೊದಲ ಸಲ ವಿಮಾನ. ಸೀರೆ ಉಟ್ಟರೆ ಅಲ್ಲಿ ಚೆಂದ ಕಾಣುವುದಿಲ್ಲ, ಚೂಡಿದಾರ ಹಾಕಿಕೊಂಡೇ ಬಾ ಅಂತ ಮಗಳು ಹೇಳುತ್ತಾಳೆ. ನನಗೆ ಅಭ್ಯಾಸ ಇಲ್ಲ. ಮತ್ತೆ ಅಪ್ಪೆಮಿಡಿ ಉಪ್ಪಿನಕಾಯಿ, ಒಣಕೊಬ್ಬರಿ, ಬಾಣಂತಿ ಲೇಹ್ಯ ಎಲ್ಲ ಒಯ್ಯಬಹುದಾ? — ಕುಮಟಾ

ಅಮ್ಮಾ, ಉಡುವ ಮಾತು ಮೊದಲು. ಗಿಡ ನೆಟ್ಟು ಕಾಡು ಬೆಳೆಸಿದ ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ಪದ್ಮಶ್ರೀ ತಗೊಳ್ಳಲು ರಾಷ್ಟ್ರಪತಿ ಭವನಕ್ಕೆ ಹೋದಾಗ ತಮ್ಮ ಹಾಲಕ್ಕಿ ಸಮುದಾಯದವರು ಉಡುವ ಹಾಗೇ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಹಾಕಿಕೊಂಡು, ಬರಿಗಾಲಲ್ಲಿ ನಡೆದು ಹೋದರು. ದೇಶವೇ ಆ ಫೋಟೋ ನೋಡಿ ಕೈ ಮುಗಿಯಿತು. ಅಭ್ಯಾಸವಿಲ್ಲದ ಬಟ್ಟೆಯಲ್ಲಿ ಒಂದು ಹಗಲು, ಒಂದು ರಾತ್ರಿ ಕೂತು ಹೋಗುವುದು ಯಾವ ಸುಖ? ಸೀರೆಯನ್ನೇ ಉಟ್ಟುಕೊಂಡು ಹೋಗಿ. ಮಗಳಿಗೆ ನಾನು ಹೇಳಿದೆ ಅನ್ನಿ. ಆದರೆ ಜಾರುವ ಸೀರೆ ಬೇಡ, ಪಿನ್ನು ಆದಷ್ಟು ಕಡಿಮೆ ಇರಲಿ, ತಪಾಸಣೆಯ ಬಾಗಿಲಲ್ಲಿ ಕುಂಯ್ ಅನ್ನುವುದು ಅದೇ. ವಿಮಾನದಲ್ಲಿ ಚಳಿ, ಶಾಲು ಕೈಯಲ್ಲಿರಲಿ. ಕೂತು ಕೂತು ಕಾಲು ಊದುತ್ತದೆ, ಬಿಗಿ ಬೂಟು ಹಾಕಬೇಡಿ, ನಡುನಡುವೆ ಎದ್ದು ಓಡಾಡಿ. ಅಲ್ಲಿಯ ಮನೆಯೊಳಗೆ ಹೀಟರ್ ಇರುತ್ತದೆ. ಹೊರಗಿನ ಚಳಿಗೆ ಬೇಕಾದ ಕೋಟು ಮಗಳ ಹತ್ತಿರವೇ ಇರುತ್ತದೆ, ಇಲ್ಲಿಂದ ಕೊಂಡುಕೊಂಡು ಹೋಗಬೇಡಿ.

ಒಣಕೊಬ್ಬರಿ ಬೇಡವೇ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತುವ ಸಾಮಾನಿನ ಪಟ್ಟಿಯಲ್ಲಿದೆ, ವಿಮಾನಕ್ಕೆ ಬಿಡುವುದಿಲ್ಲ. ನಮ್ಮವರು ಎಷ್ಟು ಜನ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಬಿಚ್ಚಿ ಕೊಬ್ಬರಿ ಗಿಟುಕು ತೆಗೆದು ಕೊಟ್ಟು ಬಂದಿದ್ದಾರೋ! ಅಪ್ಪೆಮಿಡಿ ಕೈಚೀಲಕ್ಕೆ ಹಾಕಬೇಡಿ, ದೊಡ್ಡ ಸೂಟ್‌ಕೇಸಿಗೆ ಹಾಕಿ. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮುಚ್ಚಳ ತಿರುಗಿಸಿ, ಮೇಲಿಂದ ಇನ್ನೆರಡು ಕವರು. ಸುತ್ತಲೂ ಹಳೆಯ ಸೀರೆ ತುರುಕಿ, ರೇಷ್ಮೆ ಸೀರೆ ಅದರ ಪಕ್ಕಕ್ಕೂ ಬರಬಾರದು. ಲೇಹ್ಯವೂ ಅದರ ಜೊತೆಗೇ ಹೋಗಲಿ. ಕೈಚೀಲದಲ್ಲಿ ದ್ರವ, ಲೇಹ್ಯದಂಥದ್ದು 100 ಎಂಎಲ್‌ಗಿಂತ ದೊಡ್ಡ ಡಬ್ಬಿಯಲ್ಲಿ ಬಿಡುವುದಿಲ್ಲ. ಅಲ್ಲಿ ಇಳಿದ ಮೇಲೆ ತಿನ್ನುವ ಸಾಮಾನು ಇದೆಯಾ ಅಂತ ಕೇಳುತ್ತಾರೆ. ಇದೆ ಅಂತಲೇ ಹೇಳಿ, ಮುಚ್ಚಿಟ್ಟರೆ ದಂಡ. ಮಾವಿನಹಣ್ಣು, ತರಕಾರಿ ಒಯ್ಯಬೇಡಿ. ನಿಮ್ಮ ಮಾತ್ರೆ, ಡಾಕ್ಟರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ. ಪವರ್ ಬ್ಯಾಂಕೂ ಅಲ್ಲೇ, ಅದನ್ನು ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ.

ಸಾಮಾನ್ಯವಾಗಿ ಒಂದು ಸೂಟ್‌ಕೇಸಿಗೆ 23 ಕೆಜಿ, ಕೈಚೀಲಕ್ಕೆ 7 ಕೆಜಿ. ಟಿಕೆಟ್ಟಿನಲ್ಲಿ ಬರೆದಿರುತ್ತದೆ, ಮಗಳಿಂದ ಓದಿಸಿಕೊಳ್ಳಿ. ತೂಕಕ್ಕೆ ಎಲ್ಲೂ ಹೋಗಬೇಕಿಲ್ಲ, ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಡಿಕೆ ತೂಗುವ ಕಾಟಾ ಇದ್ದೇ ಇರುತ್ತದಲ್ಲ.

ನಮ್ಮವರು ಹೋದ ಊರಲ್ಲೆಲ್ಲ ಅಲ್ಲಿಯ ವೇಷ ಕೊಳ್ಳುತ್ತಾರೆ. ಹಿಮಾಚಲದ ಟೊಪ್ಪಿ, ಜೈಪುರದ ಪಗಡಿ, ಕಾಶ್ಮೀರದ ಫೆರನ್. ಊರಿಗೆ ಬಂದ ಮೇಲೆ ಒಂದನ್ನೂ ಹಾಕುವುದಿಲ್ಲ. ಬರುವಾಗ ಹೊರುವವಳು ನಾನು. — ಯಲ್ಲಾಪುರ

ಹಾಕಿದರೆ ಇನ್ನೂ ಕಷ್ಟವಿತ್ತು, ಯಲ್ಲಾಪುರದ ಸಂತೆಗೆ ಫೆರನ್ ಹಾಕಿಕೊಂಡು ಹೊರಟರೆ ನಾಯಿ ಬಿಡುತ್ತದಾ? ಒಂದು ಕರಾರು ಮಾಡಿಕೊಳ್ಳಿ: ಮಡಚಿದರೆ ಚಪ್ಪಟೆಯಾಗುವುದನ್ನು ಮಾತ್ರ ಕೊಳ್ಳಬಹುದು. ಕಟ್ಟಿ ಹೊಲಿದ ರೆಡಿಮೇಡ್ ಪಗಡಿ ಬೇಡ, ಅದರ ಬಟ್ಟೆಯನ್ನೇ ತರಲಿ. ನಮ್ಮ ಬಡಗು ಶೈಲಿಯ ಯಕ್ಷಗಾನದ ಮುಂಡಾಸನ್ನೂ ಚೌಕಿಯಲ್ಲಿ ಕೂತು ಬಟ್ಟೆ ಸುತ್ತಿಯೇ ಕಟ್ಟುತ್ತಾರೆ. ಕಟ್ಟಲು ಬರದಿದ್ದರೆ ಆ ಬಟ್ಟೆ ನಿಮಗೆ ದುಪಟ್ಟಾ ಆಯಿತು. ಹಿಮಾಚಲದ ಟೊಪ್ಪಿಯ ಹೊಟ್ಟೆಗೆ ಕಾಲುಚೀಲ ತುಂಬಿದರೆ ಜಾಗ ಹಾಳಾಗುವುದಿಲ್ಲ. ಇನ್ನು ಗುಡ್ಡದ ಊರುಗಳಲ್ಲಿ ಬಾಡಿಗೆಗೆ ವೇಷ ಕೊಟ್ಟು ಫೋಟೋ ತೆಗೆಯುವವರು ಇರುತ್ತಾರೆ. ಹಾಕಿಕೊಳ್ಳಲಿ, ಫೋಟೋ ತೆಗೆಸಿಕೊಳ್ಳಲಿ, ಅಲ್ಲೇ ಬಿಚ್ಚಿಟ್ಟು ಬರಲಿ. ಆ ಬಟ್ಟೆ ಯಾವಾಗ ಒಗೆದದ್ದು ಅಂತ ಮಾತ್ರ ವಿಚಾರಿಸಬೇಡಿ.

ಬೆಳಿಗ್ಗೆ ಗೋಕರ್ಣದ ದೇವಸ್ಥಾನ, ಮಧ್ಯಾಹ್ನ ಓಂ ಬೀಚ್. ಎರಡಕ್ಕೂ ಬೇರೆ ಬೇರೆ ಬ್ಯಾಗು ಬೇಕಾ? — ದಾವಣಗೆರೆ

ಒಂದು ಬಿಳಿ ಪಂಚೆ ಸಾಕು. ಮಹಾಬಲೇಶ್ವರನ ಮುಂದೆ ಗಂಡಸರು ಅಂಗಿ ತೆಗೆದು ಪಂಚೆ ಉಟ್ಟೇ ಹೋಗಬೇಕು, ಪ್ಯಾಂಟು, ಚಡ್ಡಿ ನಡೆಯುವುದಿಲ್ಲ. ಹೆಂಗಸರಿಗೆ ಸೀರೆ ಇಲ್ಲ ಚೂಡಿದಾರ. ಆಮೇಲೆ ಅದೇ ಪಂಚೆ ಬೀಚಿನಲ್ಲಿ ಹಾಸಿಗೆ, ಬಟ್ಟೆ ಬದಲಿಸುವಾಗ ಪರದೆ, ರಾತ್ರಿ ರೈಲಿನಲ್ಲಿ ಹೊದಿಕೆ. ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ದಾರಿಯಲ್ಲಿ ನಡೆದು ಹೋಗುವವರಿದ್ದರೆ ಹವಾಯಿ ಚಪ್ಪಲಿ ಬೇಡ, ಕಲ್ಲು ಜಾರುತ್ತದೆ.

ಹೋಳಿ ಹಬ್ಬಕ್ಕೆ ಬೇಡರ ವೇಷ ನೋಡಲು ಶಿರಸಿಗೆ ಬರಬೇಕೆಂದಿದ್ದೇವೆ. ನಾವೂ ಏನಾದರೂ ವೇಷ ಹಾಕಿಕೊಂಡು ಬರಬಹುದಾ? — ಧಾರವಾಡ

ಬನ್ನಿ, ಆದರೆ ವರ್ಷ ನೋಡಿಕೊಂಡು ಬನ್ನಿ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬೇಡರ ವೇಷ ಜಾತ್ರೆ ಇಲ್ಲದ ವರ್ಷ. 2024ರಲ್ಲಿ ಜಾತ್ರೆ ಆಗಿತ್ತು, ಅಲ್ಲಿಂದ ಲೆಕ್ಕ ಹಾಕಿ. ಹೋಳಿ ಹುಣ್ಣಿಮೆಯ ಹಿಂದಿನ ರಾತ್ರಿಗಳಲ್ಲಿ ಬೇಡ ಬೀದಿಗಿಳಿಯುತ್ತಾನೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಎಳೆದು ಹಿಡಿದಿರುತ್ತಾರೆ. ತಮಟೆ ಏರಿದಾಗ ಅವನು ಒಮ್ಮೆಲೇ ಜನರ ಮೇಲೆ ನುಗ್ಗುತ್ತಾನೆ. ಆಗ ಓಡಲು ಬರಬೇಕು. ಹಾಗಾಗಿ ನಿಮ್ಮ ವೇಷ ಓಡುವ ಬೂಟು, ಹಳೆಯ ಪ್ಯಾಂಟು, ಬೆಳಗಿನ ಜಾವದ ತಂಪಿಗೆ ತೆಳ್ಳಗಿನ ಜಾಕೆಟ್ಟು, ಅಷ್ಟೇ. ಬೆನ್ನಿಗೆ ದೊಡ್ಡ ಬ್ಯಾಗು ಹಾಕಿಕೊಂಡು ಆ ಸಂದಣಿಗೆ ಬಂದರೆ ಅಕ್ಕಪಕ್ಕದವರೇ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತಾರೆ.

ನಾನು ಒಂದೇ ಬ್ಯಾಗಿನವ. ಆಗಾಗ ಬೆಂಗಳೂರಿಗೆ ಹೋಗುತ್ತಿರುತ್ತೇನೆ. ಹೊರಡುವ ಸಂಜೆ ಮಾತ್ರ ‘ನಿನ್ನ ಬ್ಯಾಗಲ್ಲಿ ಜಾಗ ಇದೆಯಲ್ಲೋ’ ಅಂತ ಅತ್ತೆ, ದೊಡ್ಡಮ್ಮ, ಪಕ್ಕದ ಮನೆಯವರು ಎಲ್ಲ ಗಂಟು ತಂದು ಕೊಡುತ್ತಾರೆ. ಜೋನಿ ಬೆಲ್ಲ, ಹಲಸಿನ ಹಪ್ಪಳ, ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವು. ಬೇಡ ಅನ್ನಲು ಬಾಯಿ ಬರುವುದಿಲ್ಲ. — ಶಿರಸಿ

ಹಗುರ ಹೊರಡುವವರಿಗೆಲ್ಲ ಇದೊಂದು ತೆರಿಗೆ. ಬೇಡ ಅನ್ನಬೇಡಿ, ಅವರ ಮಕ್ಕಳು ಅಲ್ಲಿ ಹಾಸ್ಟೆಲ್ ಊಟ ತಿನ್ನುತ್ತಿರುತ್ತಾರೆ, ಪಾಪ. ಹಪ್ಪಳ ಧಾರಾಳ ತಗೊಳ್ಳಿ, ಚಪ್ಪಟೆ ಇರುತ್ತದೆ, ಬ್ಯಾಗಿನ ಬೆನ್ನಿಗೆ ನೆಟ್ಟಗೆ ನಿಲ್ಲಿಸಿದರೆ ಮುರಿಯುವುದಿಲ್ಲ. ಜೋನಿ ಬೆಲ್ಲ ಮಾತ್ರ ಬ್ಯಾಗಿನ ಒಳಗೆ ಬರಕೂಡದು, ಘಟ್ಟದ ತಿರುವಿನಲ್ಲಿ ಒಮ್ಮೆ ಸೋರಿದರೆ ಬ್ಯಾಗನ್ನೇ ನೆಕ್ಕಬೇಕಾಗುತ್ತದೆ. ಕೈಯಲ್ಲಿ ಹಿಡಿದುಕೊಳ್ಳುವ ಬಟ್ಟೆಚೀಲದಲ್ಲಿ, ನೆಟ್ಟಗೆ, ಕಾಲ ಬಳಿ. ತೊಡದೇವು ತಗೊಳ್ಳಬೇಡಿ. ಅದು ಪುಡಿಯಾಗಿಯೇ ಮುಟ್ಟುವುದು, ಆಮೇಲೆ ‘ಅವನೇ ತಿಂದಿರಬೇಕು’ ಅನ್ನುವ ಮಾತು ಬರುತ್ತದೆ. ಇನ್ನೊಂದು, ಗಂಟು ಕೊಡುವವರಿಗೆಲ್ಲ ನಗುತ್ತಲೇ ಹೇಳಿ: ‘ಕೊಡಿ ದೊಡ್ಡಮ್ಮಾ, ಒಯ್ಯುತ್ತೇನೆ, ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್ಕಿಗೆ ಬಂದು ತಗೊಂಡು ಹೋಗಲಿಕ್ಕೆ ಹೇಳಿ.’ ಮಗನಿಗೆ ಅಲ್ಲೇ ಫೋನು ಹೋಗುತ್ತದೆ, ಅರ್ಧ ಗಂಟುಗಳು ಅಲ್ಲಿಂದಲೇ ಮನೆಗೆ ವಾಪಸ್ ಹೋಗುತ್ತವೆ.